ದೊಡ್ಡಮ್ಮನ ಕೈಗುಣ ಮತ್ತು ಕಪ್ಪು ಬಟ್ಟೆಯ ಲೋಟ

ಒಲೆಯ ಮೇಲಿಟ್ಟ ಹಾಲು ಉಕ್ಕಲಿಲ್ಲ, ಒಡೆಯಿತು. ಸೊಸೆ ಸೌಟು ಹಾಕಿ ತಿರುವಿ ನೋಡಿದಳು. ಪಾತ್ರೆಯ ತುಂಬ ಬಿಳಿ ಚೂರುಗಳು, ಸುತ್ತ ಹಳದಿ ನೀರು. ಆ ವಾರದಲ್ಲಿ ಇದು ಮೂರನೆಯ ಸಲ.

ಟೀಗಾಗಿ ಲೋಟ ಹಿಡಿದು ಕಾದಿದ್ದ ಮಾವ ಕತ್ತು ಉದ್ದ ಮಾಡಿ ನೋಡಿದರು. "ಇವತ್ತೂ ಕಪ್ಪು ಟೀನೇ ಗತಿಯಾ?"

"ಪಾತ್ರೆ ಸರಿಯಾಗಿ ತೊಳೆದಿಲ್ಲ, ಅದಕ್ಕೆ ಹೀಗೆ," ಹಿತ್ತಿಲ ಬಾಗಿಲಿನಿಂದಲೇ ಅತ್ತೆಯ ದನಿ ಬಂತು.

"ಎರಡು ಸಲ ತೊಳೆದಿದ್ದೀನಿ ಅತ್ತೆ."

"ಹಾಗಾದ್ರೆ ನಾಳೆ ಮೂರು ಸಲ ತೊಳಿ."

ಈ ಅತ್ತೆ ಆ ಮನೆಗೆ ಮಾತ್ರ ಅತ್ತೆ, ಬೀದಿಗೆಲ್ಲ ದೊಡ್ಡಮ್ಮ. ಹಾಲು ಕರೆಯುವುದರಲ್ಲಿ ಅವರನ್ನು ಮೀರಿಸುವವರು ಆ ಸುತ್ತಿನಲ್ಲಿ ಇರಲಿಲ್ಲ. ಯಾರ ಮನೆಯ ಹಸುವಾದರೂ ಚೊಚ್ಚಲು ಕರು ಹಾಕಿ ಒದೆಯುತ್ತಿದ್ದರೆ ದೊಡ್ಡಮ್ಮನಿಗೆ ಕರೆ ಬರುತ್ತಿತ್ತು. ಮನೆಯವರು ಜ್ವರ ಬಂದು ಮಲಗಿದರೂ ದೊಡ್ಡಮ್ಮನೇ ಬರಬೇಕು. ಅವರು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ಹೊಟ್ಟೆ ಸವರಿ, "ಏನಮ್ಮ, ಯಾಕೆ ಕೋಪ?" ಎಂದರೆ ಸಾಕು, ಎಂಥ ಹಸುವಾದರೂ ಸರ್ರನೆ ಹಾಲು ಇಳಿಸುತ್ತಿತ್ತು. "ಕೈಗುಣ ಅಂದ್ರೆ ದೊಡ್ಡಮ್ಮಂದು" ಎಂದು ಜನ ಹೇಳಿ ಹೇಳಿ, ದೊಡ್ಡಮ್ಮನೂ ಅದನ್ನು ಪೂರ್ತಿ ನಂಬಿದ್ದರು. ಹೊಗಳಿಕೆ ಯಾರಿಗೆ ತಾನೇ ಬೇಡ?

ಅವರ ಕೊಟ್ಟಿಗೆಯಲ್ಲಿ ನಾಲ್ಕು ಹಸುಗಳು. ಎಲ್ಲಕ್ಕಿಂತ ವಯಸ್ಸಾದದ್ದು ಹಿರಿಯಕ್ಕ. ಆಮೇಲೆ ಬಿಳಿ. ಮೂರನೆಯದು ಚುಕ್ಕಿ. ನಾಲ್ಕನೆಯದರ ಹೆಸರು ಜಗಳಗಂಟಿ, ಆ ಹೆಸರನ್ನು ಅದು ಒದ್ದು ಸಂಪಾದಿಸಿತ್ತು. ದೊಡ್ಡಮ್ಮನ ಕೈಗುಣಕ್ಕೆ ಕವಡೆ ಕಾಸಿನ ಮರ್ಯಾದೆ ಕೊಡದ ಹಸು ಎಂದರೆ ಅದೊಂದೇ. ದೊಡ್ಡಮ್ಮ ಹತ್ತಿರ ಹೋದರೆ ಬಕೆಟ್ ಒಂದು ಕಡೆ, ದೊಡ್ಡಮ್ಮ ಒಂದು ಕಡೆ. ಸೊಸೆ ಹೋದರೆ ಮಾತ್ರ ತೆಪ್ಪಗೆ ನಿಲ್ಲುತ್ತಿತ್ತು. ಸೊಸೆ ಬೆಳಗಿನ ಪಾತ್ರೆಗಳನ್ನೆಲ್ಲ ತೊಳೆದು ಮುಗಿಸಿ, ತನ್ನದೇ ಒಂದು ಸಣ್ಣ ಟವೆಲ್ಲು, ತನ್ನದೇ ಒಂದು ಸಣ್ಣ ಬಕೆಟ್ಟು ಹಿಡಿದು ಬಂದು ಅದೊಂದರ ಹಾಲು ಕರೆಯುತ್ತಿದ್ದಳು. "ಆ ಹಸುಗೆ ನಿನ್ನ ಸೋಪಿನ ವಾಸನೆ ಹಿಡಿಸಿಬಿಟ್ಟಿದೆ ಕಣೇ," ಎಂದು ದೊಡ್ಡಮ್ಮ ಅಣಕಿಸುತ್ತಿದ್ದರು.

ಹಾಲು ಒಡೆದ ಆ ದಿನವೇ ಇನ್ನೊಂದು ಅವಮಾನ ಕಾದಿತ್ತು. ಹಾಲಿನ ಡೇರಿಯ ಮುಂದೆ ಸಾಲು ನಿಂತಿತ್ತು. ದೊಡ್ಡಮ್ಮನ ಸರದಿ ಬಂದಾಗ ಸೆಕ್ರೆಟರಿ ಕ್ಯಾನಿನಿಂದ ಒಂದಿಷ್ಟು ಹಾಲು ತೆಗೆದು ಪರೀಕ್ಷೆ ಮಾಡಿ, ಕ್ಯಾನಿನ ಮುಚ್ಚಳ ಹಾಕಿ ಮೆಲ್ಲಗೆ ವಾಪಸ್ಸು ದೂಡಿದರು.

"ಬೇಜಾರು ಮಾಡ್ಕೋಬೇಡಿ ದೊಡ್ಡಮ್ಮ. ಈ ಹಾಲು ಕಾಯಿಸಿದ್ರೆ ಒಡೀತಾ ಇದೆ. ಇದನ್ನ ದೊಡ್ಡ ಕ್ಯಾನಿಗೆ ಸುರಿದ್ರೆ ಎಲ್ಲರ ಹಾಲೂ ಕೆಟ್ಟುಹೋಗುತ್ತೆ."

"ನನ್ನ ಹಾಲಾ? ಕೆಟ್ಟಿದೆಯಾ? ನೀನು ಹುಟ್ಟೋಕೆ ಮುಂಚಿಂದ ಹಾಲು ಕರೀತಿದ್ದೀನಪ್ಪ ನಾನು!"

"ಗೊತ್ತು ದೊಡ್ಡಮ್ಮ. ಅದಕ್ಕೇ ಜೋರಾಗಿ ಹೇಳ್ತಿಲ್ಲ."

ಅವರು ಜೋರಾಗಿ ಹೇಳದಿದ್ದರೂ ಸಾಲಿನಲ್ಲಿದ್ದವರಿಗೆಲ್ಲ ಕೇಳಿಸಿತ್ತು. ತುಂಬಿ ಹೋಗಿದ್ದ ಕ್ಯಾನು ತುಂಬಿಯೇ ಮನೆಗೆ ಬಂತು. ದಾರಿಯುದ್ದಕ್ಕೂ ದೊಡ್ಡಮ್ಮ ತಲೆ ಎತ್ತಲಿಲ್ಲ.

ಮನೆಗೆ ಬಂದವರು ನೇರವಾಗಿ ಚುಕ್ಕಿಯ ಹತ್ತಿರ ಹೋದರು. ಮನಸ್ಸು ಕೆಟ್ಟಾಗ ಅವರು ಹೋಗುವುದು ಅಲ್ಲಿಗೇ. ಚುಕ್ಕಿ ಹುಟ್ಟಿದ ಮೂರನೇ ದಿನಕ್ಕೆ ಅದರ ತಾಯಿ ಸತ್ತಿತ್ತು. ದೊಡ್ಡಮ್ಮ ಬಾಟಲಿಯಲ್ಲಿ ಹಾಲು ಕುಡಿಸಿ, ಗೋಣಿ ಹೊದಿಸಿ, ತಮ್ಮ ಮಗನನ್ನು ಸಾಕಿದ್ದಕ್ಕಿಂತ ಹೆಚ್ಚು ಮುದ್ದಿನಿಂದ ಅದನ್ನು ಸಾಕಿದ್ದರು. ಮಗ ಲಾರಿ ಡ್ರೈವರ್, ಊರಿಗೆ ಬಂದಾಗಲೆಲ್ಲ ಅದನ್ನೇ ಹೇಳಿ ನಗುತ್ತಿದ್ದ. ಆರು ವಾರದ ಹಿಂದೆ ಚುಕ್ಕಿ ಚೊಚ್ಚಲು ಕರು ಹಾಕಿತ್ತು. ಅಂಥ ಚುಕ್ಕಿ ಈಗ ದೊಡ್ಡಮ್ಮನ ಕೈ ತಗುಲುತ್ತಲೇ ಕಾಲು ಎತ್ತಿತು. ಬೆಳಿಗ್ಗೆ ಕರೆಯುವಾಗ ಸ್ವಲ್ಪ ಬಿಗಿಯಷ್ಟೇ ಇದ್ದ ಕೆಚ್ಚಲಿನ ಹಿಂದಿನ ಬಲಗಡೆ ಈಗ ಕಲ್ಲಿನ ಹಾಗೆ ಗಟ್ಟಿಯಾಗಿತ್ತು, ಮುಟ್ಟಿದರೆ ಬಿಸಿ.

ಹಿರಿಯಕ್ಕನಿಗೂ ಎರಡು ತಿಂಗಳಿಂದ ಹೀಗೇ ಬಂದು ಬಂದು ಹೋಗುತ್ತಿತ್ತು. ಅದಕ್ಕೆ ವಯಸ್ಸಾಯಿತು ಎಂದು ಸುಮ್ಮನಿದ್ದರು. ಆದರೆ ಚುಕ್ಕಿಗೆ ಇದು ಮೊದಲ ಕರು. ಈಗಲೇ ಒಂದು ಮೊಲೆ ಬತ್ತಿಹೋದರೆ ಜೀವಮಾನವೆಲ್ಲ ಮೂರೇ ಮೊಲೆಯ ಹಸು.

"ಡಾಕ್ಟರಮ್ಮನಿಗೆ ಫೋನ್ ಮಾಡೋಣ ಅತ್ತೆ," ಎಂದಳು ಸೊಸೆ.

"ಯಾರು, ಆ ಸ್ಕೂಟರ್ ಹುಡುಗಿಯಾ? ಅವಳು ಬಂದು ನನಗೆ ಹಾಲು ಕರೆಯೋದು ಕಲಿಸ್ತಾಳಾ? ಹಿಂಡಿ ಬದಲಾಯಿಸಿದ್ದೀವಲ್ಲ, ಅದರದೇ ಕೆಲಸ ಇದು."

"ಅದೇ ಹಿಂಡಿ ಜಗಳಗಂಟಿನೂ ತಿಂತಾಳೆ."

"ನೀನು ಸ್ವಲ್ಪ ಬಾಯಿ ಮುಚ್ಕೊಂಡು ಒಳಗೆ ಹೋಗು."

ಸೊಸೆ ಬಾಯಿ ಮುಚ್ಚಿಕೊಂಡೇ ಒಳಗೆ ಹೋದಳು. ಆದರೆ ಅಲ್ಲಿ ಮಾವ ಆಗಲೇ ಫೋನ್ ಹಿಡಿದು ನಿಂತಿದ್ದರು. ಕಪ್ಪು ಟೀ ಕುಡಿದು ಕುಡಿದು ಅವರಿಗೂ ಸಾಕಾಗಿತ್ತು.

ಪಶು ಡಾಕ್ಟರಮ್ಮ ಹತ್ತು ಗಂಟೆಗೆಲ್ಲ ಬಂದರು. ಸೊಸೆಗಿಂತ ಎರಡು ವರ್ಷ ಚಿಕ್ಕವರು, ಕಾಲಿಗೆ ಮೊಣಕಾಲುದ್ದದ ರಬ್ಬರ್ ಬೂಟು. ಕೊಟ್ಟಿಗೆಗೆ ಕಾಲಿಡುವ ಮುಂಚೆ ಅವರು ಮಾಡಿದ ಮೊದಲ ಕೆಲಸ ನಲ್ಲಿಯ ಹತ್ತಿರ ಹೋಗಿ ಸೋಪು ಹಚ್ಚಿ ಮೊಣಕೈವರೆಗೂ ತೊಳೆದದ್ದು. 'ಇವಳೇನು ಊಟಕ್ಕೆ ಕೂರ್ತಾಳಾ?' ಎಂದುಕೊಂಡರು ದೊಡ್ಡಮ್ಮ.

ಡಾಕ್ಟರಮ್ಮ ಒಂದು ಸ್ಟೀಲ್ ಲೋಟದ ಬಾಯಿಗೆ ಕಪ್ಪು ಬಟ್ಟೆ ಬಿಗಿದು ಕಟ್ಟಿದರು. ಚುಕ್ಕಿಯ ಗಟ್ಟಿಯಾದ ಮೊಲೆಯಿಂದ ಮೂರು ಧಾರೆ ಹಾಲನ್ನು ಆ ಬಟ್ಟೆಯ ಮೇಲೆ ಬಿಟ್ಟರು. ಹಾಲು ಕೆಳಗಿಳಿದು ಹೋಯಿತು. ಬಟ್ಟೆಯ ಮೇಲೆ ಅಕ್ಕಿ ನುಚ್ಚಿನಂಥ ಚೂರುಗಳು ಉಳಿದವು.

"ದೊಡ್ಡಮ್ಮ, ಬಕೆಟ್ಟಿನಲ್ಲಿ ಇದು ಕಾಣೋದಿಲ್ಲ. ಹಾಲೂ ಬಿಳಿ, ಇದೂ ಬಿಳಿ. ಕಪ್ಪಿನ ಮೇಲೆ ಹಾಕಿದ್ರೆ ಕಾಣುತ್ತೆ. ಇದು ಕೆಚ್ಚಲು ಬಾವು."

ಆಮೇಲೆ ಅವರು ನಾಲ್ಕು ಬಟ್ಟಲುಗಳಿದ್ದ ಒಂದು ಪ್ಲಾಸ್ಟಿಕ್ ತಟ್ಟೆ ತೆಗೆದರು. ಒಂದೊಂದು ಬಟ್ಟಲಿಗೆ ಒಂದೊಂದು ಮೊಲೆಯ ಹಾಲು. ಅದಕ್ಕೆ ಒಂದು ನೇರಳೆ ಬಣ್ಣದ ದ್ರಾವಣ ಹಾಕಿ ತಟ್ಟೆಯನ್ನು ಮೆಲ್ಲಗೆ ತಿರುಗಿಸಿದರು. "ಹಾಲು ಚೆನ್ನಾಗಿದ್ರೆ ನೀರಿನ ಹಾಗೆ ಓಡಾಡುತ್ತೆ. ಒಳಗೆ ಬಾವು ಇದ್ರೆ ಲೋಳೆ ಕಟ್ಟುತ್ತೆ. ನೀವೇ ನೋಡಿ."

ಚುಕ್ಕಿಯ ಒಂದು ಬಟ್ಟಲು ಲೋಳೆ ಕಟ್ಟಿತು. ಹಿರಿಯಕ್ಕನ ಎರಡು. ಬಿಳಿಯ ಸರದಿ ಬಂದಾಗ ದೊಡ್ಡಮ್ಮ ಧೈರ್ಯವಾಗಿ, "ಇವಳಿಗೇನೂ ಆಗಿಲ್ಲ, ಕೆಚ್ಚಲು ಹೂವಿನ ಹಾಗಿದೆ," ಎಂದರು. ಅದರದ್ದೂ ಒಂದು ಬಟ್ಟಲು ಲೋಳೆಯಾಯಿತು.

"ಇದೇ ದೊಡ್ಡ ಮೋಸ, ದೊಡ್ಡಮ್ಮ. ಎಷ್ಟೋ ಸಲ ಹೊರಗೆ ಏನೂ ಕಾಣಿಸೋದಿಲ್ಲ. ಹಸು ಮೇಯುತ್ತೆ, ಮೆಲುಕು ಹಾಕುತ್ತೆ. ಒಳಗೊಳಗೇ ಹಾಲು ಕಡಿಮೆ ಆಗ್ತಾ ಬರುತ್ತೆ. ಪಕ್ಕದ ಹಸುಗೂ ಹಬ್ಬುತ್ತೆ."

ಕೊನೆಗೆ ಜಗಳಗಂಟಿ. ಸೊಸೆ ಹಿಡಿದುಕೊಂಡಳು, ಡಾಕ್ಟರಮ್ಮ ಹಾಲು ತೆಗೆದರು. ನಾಲ್ಕು ಬಟ್ಟಲೂ ನೀರಿನ ಹಾಗೆ ಓಡಾಡಿದವು. ಜಗಳಗಂಟಿ ಬಾಲ ಬೀಸಿ, ದೊಡ್ಡಮ್ಮನ ಕಡೆ ಒಂದು ಸಲ ನೋಡಿ, ಹುಲ್ಲಿಗೆ ಬಾಯಿ ಹಾಕಿತು.

"ಕೊಟ್ಟಿಗೆ ದಿನಾ ಎರಡು ಸಲ ಗುಡಿಸ್ತೀನಿ. ಕಾಯಿಲೆ ಎಲ್ಲಿಂದ ಬಂತು?" ದೊಡ್ಡಮ್ಮ ಕೇಳಿದರು.

"ಯಾವ ಹಸುವನ್ನ ಮೊದಲು ಕರೀತೀರಿ?"

"ಹಿರಿಯಕ್ಕನ್ನ. ಪಾಪ, ನೋವು ತಿಂತಿರೋ ಜೀವ ಅದು. ಭಾರ ಹೊತ್ಕೊಂಡು ನಿಲ್ಲಬಾರದು ಅಂತ ಅದನ್ನ ಮೊದಲು ಹಗುರ ಮಾಡ್ತೀನಿ. ಆಮೇಲೆ ಬಿಳಿ. ಆಮೇಲೆ ಚುಕ್ಕಿ."

"ಹಿರಿಯಕ್ಕನ ಕೆಟ್ಟ ಹಾಲು?"

"ಮೊದಲ ಎರಡು ಧಾರೆ ನೆಲಕ್ಕೆ ಬಿಡ್ತೀನಿ."

"ಕೆಚ್ಚಲು ಒರೆಸೋಕೆ?"

ದೊಡ್ಡಮ್ಮ ಹೆಗಲ ಮೇಲಿನ ಹಳೆಯ ಮೆತ್ತನೆ ಬಟ್ಟೆಯನ್ನು ಎತ್ತಿ ತೋರಿಸಿದರು. "ನೋಡಿ ಎಷ್ಟು ಮೃದುವಾಗಿದೆ. ಎಲ್ಲರಿಗೂ ಇದರಲ್ಲೇ ಒರೆಸೋದು. ಕೈ ಒಣಗಿದ್ರೆ ಹಸುಗೆ ನೋವಾಗುತ್ತಲ್ಲ, ಬೆರಳನ್ನ ನೊರೆಯಲ್ಲಿ ಅದ್ದಿಕೊಂಡು ಕರೀತೀನಿ. ಅದೇ ಗುಟ್ಟು."

ಡಾಕ್ಟರಮ್ಮ ಏನೋ ಹೇಳಬೇಕು ಎಂದು ಬಾಯಿ ತೆರೆದರು. ಅಷ್ಟರಲ್ಲಿ ಪಕ್ಕದ ಮನೆಯ ಟೈಲರ್‌ನ ಹೆಂಡತಿ ಬೇಲಿಯ ಆಚೆಯಿಂದ ಇಣುಕಿದಳು. ಅವಳ ಬಲಗೈಗೆ ಪಟ್ಟಿ, ಕತ್ತಿನಿಂದ ಜೋತು ಬಿದ್ದಿತ್ತು.

"ಡಾಕ್ಟರಮ್ಮ, ನಮ್ಮ ಹಸುನೂ ಒಂಚೂರು ನೋಡ್ತೀರಾ? ಇರೋದು ಅದೊಂದೇ. ಹತ್ತು ದಿನದಿಂದ ಹಾಲು ಉಪ್ಪುಪ್ಪು ಬರ್ತಿದೆ."

"ಹತ್ತು ದಿನದ ಹಿಂದೆ ಏನಾದ್ರೂ ಬದಲಾಯಿತಾ?"

"ಏನಿಲ್ಲಪ್ಪ. ನಾನು ಜಾರಿ ಬಿದ್ದು ಕೈ ಮುರೀತು, ಅಷ್ಟೇ. ಆವತ್ತಿನಿಂದ ಪಾಪ ದೊಡ್ಡಮ್ಮನೇ ತಮ್ಮ ಕೊಟ್ಟಿಗೆ ಕೆಲಸ ಮುಗಿಸ್ಕೊಂಡು ಬಂದು ಕರೆದುಕೊಡ್ತಿದ್ದಾರೆ. ಅವರ ಕೈಗುಣ ಇಲ್ಲದಿದ್ರೆ ನನ್ನ ಗತಿ ಏನಾಗ್ತಿತ್ತೋ!"

ಡಾಕ್ಟರಮ್ಮ ತಲೆ ತಗ್ಗಿಸಿ ತಟ್ಟೆ ತೊಳೆಯತೊಡಗಿದರು. ಸೊಸೆ ಗೋಡೆ ನೋಡಿದಳು. ದೊಡ್ಡಮ್ಮನಿಗೆ ಕೂಡಿ ಕಳೆಯಲು ಬರುತ್ತಿತ್ತು. ಹಿರಿಯಕ್ಕ, ಬಿಳಿ, ಚುಕ್ಕಿ, ಟೈಲರ್ ಮನೆಯ ಹಸು. ತಾವು ಮುಟ್ಟಿದ ನಾಲ್ಕಕ್ಕೂ ಬಾವು. ತಮ್ಮನ್ನು ಒದ್ದು ಓಡಿಸಿದ ಹಸು ಒಂದೇ ಒಂದು, ಅದೊಂದು ಮಾತ್ರ ಗಟ್ಟಿಮುಟ್ಟಾಗಿತ್ತು.

ಅವರು ತಮ್ಮ ಎರಡೂ ಕೈಗಳನ್ನು ಎದುರು ಹಿಡಿದು ನೋಡಿಕೊಂಡರು. "ನನ್ನ ಕೈಯೇ," ಎಂದರು. ಬಟ್ಟೆಯನ್ನು ಹೆಗಲಿನಿಂದ ತೆಗೆದು ಕಂಬಕ್ಕೆ ನೇತುಹಾಕಿ ಒಳಗೆ ನಡೆದರು.

ಡಾಕ್ಟರಮ್ಮ ಟೈಲರ್ ಮನೆಯ ಹಸುವನ್ನೂ ನೋಡಿ, ಅದಕ್ಕೂ ಬಾವೇ ಎಂದು ಹೇಳಿ, ಹಾಲಿನ ಮಾದರಿ ತೆಗೆದುಕೊಂಡು ಹೊರಟರು. ಹೊರಡುವಾಗ ಸೊಸೆಗೆ ಹೇಳಿದರು: "ಸಂಜೆ ಐದಕ್ಕೆ ನಾಲ್ಕೂ ಹಸುಗೆ ಔಷಧಿ ತರ್ತೀನಿ. ಚುಕ್ಕಿದು ಹೊಸ ಬಾವು, ಈಗಲೇ ಹಿಡಿದ್ರೆ ಉಳಿಯುತ್ತೆ. ಆದ್ರೆ ಮೊಲೆ ಒಳಗೆ ಔಷಧಿ ಏರಿಸೋಕೆ ಮುಂಚೆ ಆ ಮೊಲೆಯಲ್ಲಿ ಒಂದು ಹನಿನೂ ಉಳೀಬಾರದು. ಪೂರ್ತಿ ಖಾಲಿ ಮಾಡಿ ಇಟ್ಟಿರಿ. ಆ ಹಾಲು ನೆಲಕ್ಕೆ ಬಿದ್ರೆ ಕಾಯಿಲೆ ಹರಡುತ್ತೆ, ಬ್ಲೀಚಿಂಗ್ ಪುಡಿ ಹಾಕಿದ ಡಬ್ಬಿಗೇ ಹಿಂಡಿ."

ಸಂಜೆ ನಾಲ್ಕಾಯಿತು. ದೊಡ್ಡಮ್ಮ ಕೋಣೆಯಿಂದ ಹೊರಗೆ ಬರಲಿಲ್ಲ. "ನಾನಿನ್ನು ಹಸು ಮುಟ್ಟಲ್ಲ," ಎಂದು ಒಂದೇ ಮಾತು. ಊಟಕ್ಕೂ ಎದ್ದಿರಲಿಲ್ಲ. ಗಂಡ ಬಾಗಿಲಿನಲ್ಲಿ ನಿಂತು, "ಏನೇ ಇದು, ಮದುವೆಯಾಗಿ ಇಷ್ಟು ವರ್ಷದಲ್ಲಿ ನಿನ್ನ ತಪ್ಪು ಒಂದೇ ಸಲ ಸಿಕ್ಕಿದೆ, ಅದಕ್ಕೂ ನೀನೇ ಮುನಿಸ್ಕೊಂಡ್ರೆ ಹೇಗೆ?" ಎಂದು ತಮಾಷೆ ಮಾಡಿ ನೋಡಿದರು. ದೊಡ್ಡಮ್ಮ ಗೋಡೆಯ ಕಡೆ ಮಗ್ಗುಲಾದರು.

ಕೊಟ್ಟಿಗೆಯಲ್ಲಿ ಸೊಸೆ ಬೆವರುತ್ತಿದ್ದಳು. ಚುಕ್ಕಿ ಒದೆಯಿತು, ಸುತ್ತಿತು, ಹಗ್ಗ ಜಗ್ಗಿತು. ಬೆನ್ನು ಸವರಿದರೂ ಇಲ್ಲ, ಕರುವನ್ನು ಎದುರು ತಂದು ನಿಲ್ಲಿಸಿದರೂ ಇಲ್ಲ. ಒಂದು ಹನಿ ಹಾಲನ್ನೂ ಇಳಿಸಲಿಲ್ಲ. ನಾಲ್ಕೂವರೆ ಹೊತ್ತಿಗೆ ಸೊಸೆ ಎದ್ದು ಬಂದು ಕೋಣೆಯ ಬಾಗಿಲು ತಳ್ಳಿದಳು. ಅವಳ ಮೊಣಕಾಲಿನ ಹತ್ತಿರ ಗೊರಸಿನ ಗುರುತು ಕೆಂಪಗೆ ಮೂಡಿತ್ತು.

"ಅತ್ತೆ, ಇನ್ನು ಅರ್ಧ ಗಂಟೆಗೆ ಡಾಕ್ಟರಮ್ಮ ಬರ್ತಾರೆ. ಮೊಲೆ ಖಾಲಿ ಆಗದಿದ್ರೆ ಔಷಧಿ ಹಿಡಿಯಲ್ಲವಂತೆ. ಚುಕ್ಕಿ ನನ್ನ ಮಾತು ಕೇಳ್ತಿಲ್ಲ. ಅವಳಿಗೆ ನಿಮ್ಮ ಕೈಯೇ ಬೇಕು."

"ಈ ಕೈಯಿಂದಾನೇ ಅವಳಿಗೆ ಹೀಗಾಗಿದ್ದು."

"ಹೌದು ಅತ್ತೆ, ಈ ಕೈಯಿಂದಾನೇ. ತೊಳ್ಕೊಂಡು ಬನ್ನಿ."

ಸೊಸೆ ಅತ್ತೆಗೆ ಹಾಗೆ ಹೇಳಿದ್ದು ಅದೇ ಮೊದಲು. ಹೇಳಿದ ಮೇಲೆ ಅವಳಿಗೇ ಭಯವಾಯಿತು. ದೊಡ್ಡಮ್ಮ ಎದ್ದು ಕೂತರು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಸರಸರನೆ ನಲ್ಲಿಯ ಹತ್ತಿರ ನಡೆದರು.

ಅವರು ಕೈ ತೊಳೆದ ಪರಿಯನ್ನು ನೋಡಬೇಕಿತ್ತು. ಬೆರಳ ಸಂದು, ಉಗುರಿನ ಒಳಗು, ಮಣಿಕಟ್ಟು, ಮೊಣಕೈ. ಬಳೆಗಳನ್ನು ಮೇಲೆ ಸರಿಸಿ ಅದರ ಕೆಳಗೂ ಉಜ್ಜಿದರು. ಸೋಪು ಅರ್ಧಕ್ಕೆ ಇಳಿಯಿತು. ಸೊಸೆ ಒಗೆದು ಒಣಗಿಸಿದ್ದ ಹೊಸ ಬಟ್ಟೆ ಕೊಟ್ಟಳು. ದೊಡ್ಡಮ್ಮ ಕೈ ಒರೆಸಿಕೊಂಡು, ಚುಕ್ಕಿಯ ಪಕ್ಕ ಕೂತು, ಹೊಟ್ಟೆಗೆ ಹಣೆ ಆನಿಸಿದರು.

"ತಪ್ಪಾಯಿತು ಕಣೇ ಮಗಳೇ," ಎಂದರು. ಸೊಸೆಗೆ ಕೇಳಿಸಿತು, ಮಾವನಿಗೆ ಕೇಳಿಸಿತು. ದೊಡ್ಡಮ್ಮ ಅದನ್ನು ಮುಚ್ಚಿಡುವ ಪ್ರಯತ್ನವನ್ನೂ ಮಾಡಲಿಲ್ಲ.

ಚುಕ್ಕಿ ನಡುಗಿತು, ಕಾಲು ಎತ್ತಿತು, ಮತ್ತೆ ಇಳಿಸಿತು. ದೊಡ್ಡಮ್ಮನ ಕೈ ಕೆಲಸ ಶುರು ಮಾಡಿತು. ಮೊದಲು ನೀರಿನಂಥದ್ದು ಬಂತು, ಆಮೇಲೆ ಚೂರು ಚೂರು, ಆಮೇಲೆ ದಾರದಂತೆ ಒಂದು ಧಾರೆ. ಅದನ್ನು ನೆಲಕ್ಕೆ ಬಿಡಲಿಲ್ಲ, ಬ್ಲೀಚಿಂಗ್ ಪುಡಿ ಹಾಕಿಟ್ಟಿದ್ದ ಬೇರೆ ಡಬ್ಬಿಗೇ ಹಿಂಡಿದರು. ಸ್ಕೂಟರ್ ಬಂದು ನಿಂತ ಸದ್ದು ಕೇಳುವ ಹೊತ್ತಿಗೆ ಆ ಮೊಲೆ ಖಾಲಿ ಚೀಲದ ಹಾಗೆ ಮೆತ್ತಗಾಗಿತ್ತು.

ಡಾಕ್ಟರಮ್ಮ ಮುಟ್ಟಿ ನೋಡಿದರು. "ಇಷ್ಟು ಚೆನ್ನಾಗಿ ಖಾಲಿ ಮಾಡೋಕೆ ನನಗೂ ಬರಲ್ಲ ದೊಡ್ಡಮ್ಮ," ಎಂದರು.

"ಅದಿರಲಿ. ಇನ್ನು ಮೇಲೆ ಏನೇನು ಮಾಡಬೇಕು ಅಂತ ಹೇಳಮ್ಮ. ಒಂದೊಂದಾಗಿ ಹೇಳು. ನನ್ನ ತಲೆ ಗಟ್ಟಿ, ನಿಧಾನವಾಗಿ ಇಳಿಯುತ್ತೆ."

ಔಷಧಿ ಹಾಕುತ್ತಲೇ ಡಾಕ್ಟರಮ್ಮ ಹೇಳಿದರು. "ಮೊದಲು ಸಾಲು ತಿರುಗಿಸಿ. ಆರೋಗ್ಯವಾಗಿರೋ ಹಸು ಮೊದಲು, ಕಾಯಿಲೆ ಹಸು ಕೊನೆಗೆ."

"ನೋವಿರೋ ಜೀವ ಕಾಯಬೇಕಾ?"

"ಹತ್ತು ನಿಮಿಷ ಕಾದ್ರೆ ಅದಕ್ಕೇನೂ ಆಗಲ್ಲ. ಅದರ ಹಾಲು ನಿಮ್ಮ ಬೆರಳಿಗೆ ಅಂಟಿಕೊಂಡು ಪಕ್ಕದ ಹಸುಗೆ ಹೋದ್ರೆ ಅದಕ್ಕೂ ನೋವು ಬರುತ್ತೆ. ಒಂದು ಹಸು ಮುಗಿಸಿ ಇನ್ನೊಂದಕ್ಕೆ ಹೋಗೋ ಮುಂಚೆ ಸೋಪು ಹಾಕಿ ಕೈ ತೊಳೀರಿ. ಒಂದೊಂದು ಹಸುಗೆ ಒಂದೊಂದು ಬಟ್ಟೆ, ದಿನಾ ಬಿಸಿ ನೀರಲ್ಲಿ ಒಗೆದು ಬಿಸಿಲಿಗೆ ಹಾಕಿ. ಒದ್ದೆ ಕೈ ಬೇಡ, ನೊರೆ ಅಂತೂ ಬೇಡವೇ ಬೇಡ. ಬೆರಳು ಮಡಚಿ ಎಳೀಬೇಡಿ, ಪೂರ್ತಿ ಮುಷ್ಟಿಯಲ್ಲಿ ಹಿಡಿದು ಹಿಂಡಿ, ಆಗ ಒಣ ಕೈಯಲ್ಲೂ ನೋವಾಗಲ್ಲ. ಕರೆದು ಮುಗಿಸಿದ ಕೂಡಲೇ ನಾಲ್ಕೂ ಮೊಲೆ ಈ ಅಯೋಡಿನ್ ದ್ರಾವಣದಲ್ಲಿ ಅದ್ದಿ. ಆಮೇಲೆ ಮುಂದೆ ಹುಲ್ಲು ಹಾಕಿ ಅರ್ಧ ಗಂಟೆ ನಿಂತೇ ಇರೋ ಹಾಗೆ ನೋಡ್ಕೊಳ್ಳಿ."

"ನಿಂತ್ಕೊಂಡೇ ಯಾಕೆ?"

"ಹಾಲು ಬರೋ ಬಾಗಿಲು ಕರೆದ ಕೂಡಲೇ ಮುಚ್ಚೋದಿಲ್ಲ ದೊಡ್ಡಮ್ಮ. ಅಷ್ಟು ಹೊತ್ತು ತೆರೆದೇ ಇರುತ್ತೆ. ಆಗ ಸಗಣಿ ಮೇಲೆ ಮಲಗಿದ್ರೆ ಕೊಳಕು ನೇರ ಒಳಗೆ."

ದೊಡ್ಡಮ್ಮ ಗಂಡನ ಕಡೆ ತಿರುಗಿದರು. "ಕೇಳಿಸ್ತೇನ್ರೀ? ಅರ್ಧ ಗಂಟೆ ನಿಲ್ಲಿಸೋ ಕೆಲಸ ನಿಮ್ಮದು."

ಮಾರನೆಯ ದಿನದಿಂದ ಕೊಟ್ಟಿಗೆಯ ನಡವಳಿಕೆಯೇ ಬದಲಾಯಿತು. ಜಗಳಗಂಟಿಗೆ ಮೊದಲ ಮರ್ಯಾದೆ. ಆಮೇಲೆ ಬಿಳಿ, ಆಮೇಲೆ ಚುಕ್ಕಿ, ಕೊನೆಗೆ ಹಿರಿಯಕ್ಕ. ಬಾವು ಬಂದ ಮೊಲೆಗಳನ್ನು ಎಲ್ಲಕ್ಕಿಂತ ಕೊನೆಗೆ, ಬೇರೆ ಡಬ್ಬಿಗೆ ಹಿಂಡುತ್ತಿದ್ದರು. ಮಾವ ಹುಲ್ಲಿನ ಕಟ್ಟು ಹಿಡಿದು ಕಾವಲುಗಾರನ ಹಾಗೆ ನಿಲ್ಲುತ್ತಿದ್ದರು. ಹಸುಗಳ ಜೊತೆ ತಾವೂ ಅರ್ಧ ಗಂಟೆ ನಿಂತೇ ಇರುತ್ತಿದ್ದರು. "ನೀವು ಕೂತ್ಕೋಬಹುದು ಮಾವ, ನಿಮಗೆ ಹೇಳಿದ್ದಲ್ಲ ಅದು," ಎಂದು ಸೊಸೆ ಹೇಳುವವರೆಗೂ ಅವರಿಗೆ ಅದು ಹೊಳೆದಿರಲಿಲ್ಲ.

ಹಳೆಯ ಅಭ್ಯಾಸ ಒಂದೇ ದಿನಕ್ಕೆ ಬಿಡುತ್ತದೆಯೇ? ಮೂರನೆಯ ದಿನ ಮಾತಿನ ಭರದಲ್ಲಿ ದೊಡ್ಡಮ್ಮನ ಬೆರಳು ತಾನಾಗಿಯೇ ನೊರೆಯ ಕಡೆ ಹೋಯಿತು. ಸೊಸೆ ಕೆಮ್ಮಿದಳು. ದೊಡ್ಡಮ್ಮ ಬೆರಳನ್ನು ಬೆಂಕಿ ಮುಟ್ಟಿದವರ ಹಾಗೆ ಹಿಂದಕ್ಕೆ ಎಳೆದುಕೊಂಡರು. ಅದಾದ ಮೇಲೆ ಕೊಟ್ಟಿಗೆಯಲ್ಲಿ ಯಾರಿಗೆ ನಿಜವಾದ ಕೆಮ್ಮು ಬಂದರೂ ದೊಡ್ಡಮ್ಮ ಕೈ ಎತ್ತಿ ತೋರಿಸುತ್ತಿದ್ದರು.

ಎರಡು ದಿನಕ್ಕೇ ಚುಕ್ಕಿಯ ಕೆಚ್ಚಲು ಮೆತ್ತಗಾಯಿತು. "ಇನ್ನು ಔಷಧಿ ನಿಲ್ಲಿಸಬಹುದಲ್ಲ?" ಎಂದರು ಮಾವ. "ಡಾಕ್ಟರಮ್ಮ ಎಷ್ಟು ದಿನ ಅಂದಿದ್ದಾರೋ ಅಷ್ಟೂ ದಿನ ಹಾಕಬೇಕು. ಅರ್ಧಕ್ಕೆ ಬಿಟ್ರೆ ಬಾವು ಮತ್ತೆ ಬರುತ್ತಂತೆ," ಎಂದವರು ದೊಡ್ಡಮ್ಮನೇ. ಔಷಧಿ ಮುಗಿದ ಮೇಲೂ ಡಾಕ್ಟರಮ್ಮ ಹೇಳಿದಷ್ಟು ದಿನ ಆ ಹಸುಗಳ ಹಾಲನ್ನು ಡೇರಿಗೆ ಹಾಕಲಿಲ್ಲ, ಮನೆಯಲ್ಲೂ ಬಳಸಲಿಲ್ಲ. ಹಾಕಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಔಷಧಿ ಬೆರೆತ ಹಾಲನ್ನು ಯಾರದೋ ಮನೆಯ ಮಗು ಕುಡಿಯುತ್ತದೆ ಎಂಬುದು ದೊಡ್ಡಮ್ಮನಿಗೆ ಗೊತ್ತಿತ್ತು. ಅಷ್ಟು ದಿನವೂ ಚುಕ್ಕಿಯ ಕರುವಿಗೆ ಬಾಟಲಿಯಲ್ಲಿ ಹಾಲು ಕೊಟ್ಟವಳು ಜಗಳಗಂಟಿ. ಯಾರನ್ನೂ ಹತ್ತಿರ ಸೇರಿಸದ ಆ ಹಸುವಿನ ಹಾಲಿನಿಂದಲೇ ಆ ಕರು ಮೈ ತುಂಬಿಕೊಂಡಿತು.

ತಟ್ಟೆಯ ಪರೀಕ್ಷೆಯನ್ನು ಮತ್ತೆ ಮಾಡುವ ದಿನ ಬಂತು. ಡಾಕ್ಟರಮ್ಮನ ಸ್ಕೂಟರ್ ಸದ್ದು ಕೇಳಿ ಅರ್ಧ ಬೀದಿ ಬೇಲಿಯ ಹತ್ತಿರ ಸೇರಿತು. ಡೇರಿಯ ಸೆಕ್ರೆಟರಿಯೂ ಸೈಕಲ್ ನಿಲ್ಲಿಸಿ ನಿಂತರು. ಅಷ್ಟು ಜನರನ್ನು ನೋಡಿ ಸೊಸೆಗೆ ಗಾಬರಿ. "ಬರಲಿ ಬಿಡು," ಎಂದರು ದೊಡ್ಡಮ್ಮ. "ಕ್ಯಾನ್ ವಾಪಸ್ ಬಂದಿದ್ದನ್ನ ನೋಡಿದವರೇ ಇದನ್ನೂ ನೋಡಲಿ."

ತಟ್ಟೆಯ ನಾಲ್ಕು ಬಟ್ಟಲಿಗೆ ಚುಕ್ಕಿಯ ನಾಲ್ಕು ಮೊಲೆಗಳ ಹಾಲು ಬಿತ್ತು. ನೇರಳೆ ದ್ರಾವಣ ಬಿತ್ತು. ಡಾಕ್ಟರಮ್ಮ ತಟ್ಟೆಯನ್ನು ದೊಡ್ಡಮ್ಮನ ಕೈಗೇ ಕೊಟ್ಟರು. "ನೀವೇ ತಿರುಗಿಸಿ."

ದೊಡ್ಡಮ್ಮ ತಿರುಗಿಸಿದರು. ಒಂದು ಸುತ್ತು, ಎರಡು ಸುತ್ತು, ಮೂರು ಸುತ್ತು. ಮೊದಲ ಬಟ್ಟಲು ನೀರಿನ ಹಾಗೆ ಓಡಿತು. ಎರಡನೆಯದು ಓಡಿತು. ಮೂರನೆಯದೂ ಓಡಿತು. ನಾಲ್ಕನೆಯದು, ಆ ಹಿಂದಿನ ಬಲ ಮೊಲೆಯದು, ಎಲ್ಲಕ್ಕಿಂತ ಚುರುಕಾಗಿ ಓಡಿತು.

"ಗೆದ್ದುಬಿಟ್ರಿ ದೊಡ್ಡಮ್ಮ!" ಡಾಕ್ಟರಮ್ಮ ಕೂಗಿಯೇಬಿಟ್ಟರು. ಬೇಲಿಯ ಆಚೆ ಚಪ್ಪಾಳೆ ಎದ್ದಿತು. ಟೈಲರ್‌ನ ಹೆಂಡತಿ ಪಟ್ಟಿ ಕಟ್ಟಿದ ಕೈಯನ್ನೇ ತೊಡೆಗೆ ಬಡಿದು, ನೋವಾಗಿ, ಅತ್ತು, ನಕ್ಕಳು. ಬಿಳಿಯ ಹಾಲೂ ಸರಿಹೋಗಿತ್ತು. ಟೈಲರ್ ಮನೆಯ ಹಸುವಿನದೂ ಸರಿಹೋಗಿತ್ತು. ಹಿರಿಯಕ್ಕನ ಒಂದು ಮೊಲೆ ಮಾತ್ರ ಉಳಿಯಲಿಲ್ಲ, ಎರಡು ತಿಂಗಳು ತಡವಾಗಿತ್ತು. ಅದನ್ನು ಡಾಕ್ಟರಮ್ಮ ಬತ್ತಿಸಿದರು. ದೊಡ್ಡಮ್ಮ ಹಿರಿಯಕ್ಕನ ಕತ್ತು ತಬ್ಬಿ ಸ್ವಲ್ಪ ಹೊತ್ತು ನಿಂತಿದ್ದರು.

ಮಾರನೆಯ ಬೆಳಿಗ್ಗೆ ಕ್ಯಾನು ಡೇರಿಗೆ ಹೋಯಿತು. ಸೆಕ್ರೆಟರಿ ಪರೀಕ್ಷೆ ಮಾಡಿ, ಎದ್ದು ನಿಂತು, ಎರಡೂ ಕೈಯಿಂದ ಕ್ಯಾನು ಎತ್ತಿ ಸುರಿದುಕೊಂಡರು. "ಮತ್ತೆ ನಿಮ್ಮ ಕೈಗುಣ ಬಂತು ನೋಡಿ ದೊಡ್ಡಮ್ಮ!"

"ಕೈಗುಣ ಅಲ್ಲಪ್ಪ," ದೊಡ್ಡಮ್ಮ ಇಡೀ ಸಾಲಿಗೆ ಕೇಳುವ ಹಾಗೆ ಹೇಳಿದರು. "ಸೋಪಿನ ಗುಣ. ನನ್ನ ಕೈಯಿಂದಲೇ ನಾಲ್ಕು ಹಸುಗೆ ಕಾಯಿಲೆ ಬಂದಿತ್ತು. ಈ ಸಾಲಲ್ಲಿ ಇರೋರು ನಿಮ್ಮ ನಿಮ್ಮ ಕೈ ಒಂದು ಸಲ ನೋಡ್ಕೊಳ್ಳಿ."

ಸಾಲಿನಲ್ಲಿದ್ದವರೆಲ್ಲ ನೋಡಿಕೊಂಡರು. ಒಬ್ಬಿಬ್ಬರು ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡರು. ಆ ವಾರವೇ ಟೈಲರ್ ತನ್ನ ಅಂಗಡಿಯಲ್ಲಿ ಉಳಿದಿದ್ದ ಕಪ್ಪು ಬಟ್ಟೆಯ ತುಂಡುಗಳನ್ನೆಲ್ಲ ಗುಂಡಗೆ ಕತ್ತರಿಸಿ, ಅಂಚಿಗೆ ಲಾಡಿ ಹಾಕಿ, ಹಸು ಇರುವ ಮನೆಮನೆಗೂ ಹಂಚಿದ. ದೊಡ್ಡಮ್ಮ ಒಂದು ಲೋಟ ಹಿಡಿದು ಒಂದೊಂದು ಕೊಟ್ಟಿಗೆಗೂ ಹೋಗಿ ತೋರಿಸಿಕೊಟ್ಟರು. ಮೊದಲಿನ ಹಾಗೆಯೇ ಈಗಲೂ ಎಲ್ಲರ ಮನೆಗೂ ಅವರಿಗೆ ಕರೆ ಬರುತ್ತದೆ. ಹೋದ ಕೂಡಲೇ ಅವರು ಕೇಳುವುದು ಒಂದೇ ಮಾತು: "ಸೋಪು ಎಲ್ಲಿದೆ?"

ಸರಿ, ಹಾಗಾದರೆ ಜಗಳಗಂಟಿಯ ಗತಿ? ಮೊನ್ನೆ ದೊಡ್ಡಮ್ಮ ಸೋಪಿನಲ್ಲಿ ಕೈ ತೊಳೆದು, ಒಣಗಿಸಿ, ಧೈರ್ಯ ಮಾಡಿ ಅದರ ಪಕ್ಕ ಕೂತರು. ಅದು ಮೂಸಿ ನೋಡಿತು. ಕಾಲು ಎತ್ತಲಿಲ್ಲ. ಆ ಸುದ್ದಿಯನ್ನು ದೊಡ್ಡಮ್ಮ ಲಾರಿಯಲ್ಲಿದ್ದ ಮಗನಿಗೂ ಫೋನ್ ಮಾಡಿ ಹೇಳಿದರು.

ಹಸು ಸಾಕಿರುವ ಅಕ್ಕಂದಿರೇ, ಅಣ್ಣಂದಿರೇ, ಈಗ ಮಾತು ನಿಮ್ಮ ಜೊತೆ. ನಿಮ್ಮ ಮನೆಯಲ್ಲಿ ಒಂದು ಲೋಟ ಇದೆ, ಒಂದು ತುಂಡು ಕಪ್ಪು ಬಟ್ಟೆ ಇದೆ. ನಾಳೆಯಿಂದ ಪ್ರತಿ ಮೊಲೆಯ ಮೊದಲ ಧಾರೆಗಳನ್ನು ಅದರ ಮೇಲೆ ಬಿಟ್ಟು ನೋಡಿ, ಒಂದು ಹಸು ಮುಗಿದ ಕೂಡಲೇ ಬಟ್ಟೆ ಲೋಟ ತೊಳೆಯಿರಿ. ಚೂರು ಕಂಡರೆ, ಹಾಲು ನೀರಾದರೆ, ಕೆಚ್ಚಲು ಬಿಸಿಯಾದರೆ ನೀವೇ ಔಷಧಿ ತಂದು ಹಾಕಬೇಡಿ, ಅದೇ ದಿನ ಪಶು ಡಾಕ್ಟರಿಗೆ ತಿಳಿಸಿ. ಹೊರಗೆ ಏನೂ ಕಾಣದ ಬಾವು ಈ ಬಟ್ಟೆಗೆ ಸಿಗುವುದಿಲ್ಲ, ಅದಕ್ಕೆ ಆಗಾಗ ಅವರಿಂದ ತಟ್ಟೆಯ ಪರೀಕ್ಷೆಯನ್ನೂ ಮಾಡಿಸಿ. ಕಾಯಿಲೆ ಹಸುವಿನ ಮೇಲೆ ಕರುಣೆ ಇದ್ದರೆ ಅದನ್ನು ಕೊನೆಗೆ ಕರೆಯಿರಿ. ನಿಮ್ಮ ಕೈಯನ್ನು ನಂಬಿಕೊಂಡೇ ಆ ಮೂಕ ಜೀವ ಹಾಲು ಇಳಿಸುತ್ತದೆ. ನಾಳೆ ಬೆಳಿಗ್ಗೆ ಬಕೆಟ್ ಮುಟ್ಟುವ ಮುಂಚೆ ಸೋಪು ಮುಟ್ಟಿ.